ಗುರುತು ಹಾಕಿದ ಪುಟಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ವಯಸ್ಸಾದ ಮೇಲೆ ಈಗ ಸ್ವಲ್ಪ ಒಳಗೆ ಸರಿದಿರಬಹುದು. ಆದರೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಮೇಷ್ಟ್ರಾಗಿ ಹೋದಾಗ, ಅದು ಮೂಗಿನಿಂದ ಇಳಿದು ನೇರವಾಗಿ ಪೆನ್ನಿನ ಮುಳ್ಳಿಗೆ ಬಂದು ಕೂತಿತ್ತು. ಪೆನ್ನಿನಲ್ಲಿದ್ದದ್ದು ಕೆಂಪು ಶಾಯಿ.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಬಿಳಿಚೋಡಿನಲ್ಲಿ ಬಸ್ಸಿಳಿದು ನಾಲ್ಕು ಮೈಲಿ ಸೈಕಲ್ ತುಳಿದರೆ ನಮ್ಮ ಶಾಲೆ. ಒಂದರಿಂದ ಏಳರವರೆಗೆ ತರಗತಿಗಳು, ಮೂರು ಕೋಣೆಗಳು, ಹೆಡ್‌ಮಾಸ್ಟರನ್ನೂ ಸೇರಿಸಿ ನಾಲ್ವರು ಮೇಷ್ಟ್ರು. ನಾನು ಚನ್ನಗಿರಿಯ ಕಡೆಯವನು. ಸೂಳೆಕೆರೆಯ ನೀರು ಹರಿಯುವ ಊರಿನಲ್ಲಿ ಹುಟ್ಟಿ, ಕೆರೆ ಎಂದರೆ ಆಚೆ ದಡ ಕಾಣದಷ್ಟು ನೀರು ಎಂದೇ ತಿಳಿದು ಬೆಳೆದವನು. ಏಳನೆಯ ತರಗತಿಯ ಕನ್ನಡ ನನ್ನ ಪಾಲಿಗೆ ಬಂತು. ಆಗ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ ಇತ್ತು. ಪಾಸಾದವರು ಹೈಸ್ಕೂಲಿಗೆ ಹೋಗುತ್ತಿದ್ದರು, ಉಳಿದವರು ಹೊಲಕ್ಕೋ ಕುರಿಯ ಹಿಂದೆಯೋ ಹೋಗುತ್ತಿದ್ದರು.

ವಾರಕ್ಕೊಂದು ಪ್ರಬಂಧ ಬರೆಸುತ್ತಿದ್ದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಶಾಯಿಪುಡಿಯ ಪೊಟ್ಟಣ ಒಡೆದು, ನೀರಿನಲ್ಲಿ ಕಲಸಿ, ಪೆನ್ನಿಗೆ ತುಂಬಿಕೊಂಡು ಕೂರುತ್ತಿದ್ದೆ. ಮುಂದೆ ಇಪ್ಪತ್ತೆಂಟು ನೋಟ್‌ಬುಕ್ಕು. ಅಡ್ಡಗೆರೆ, ಸುತ್ತುಗೆರೆ, ಕತ್ತರಿ ಗುರುತು, ಪ್ರಶ್ನೆ ಚಿಹ್ನೆ. ಕೆಲವು ಕಡೆ ಹಾಳೆಯೇ ಹರಿದು ಹಿಂದಿನ ಪುಟಕ್ಕೂ ಗಾಯವಾಗುತ್ತಿತ್ತು. ಸಂಜೆ ಹೊತ್ತಿಗೆ ಬೆರಳೆಲ್ಲ ಕೆಂಪಾಗಿರುತ್ತಿತ್ತು, ನಾನು ಆ ಬೆರಳನ್ನು ನೋಡಿಕೊಂಡು ಎಷ್ಟು ಶ್ರದ್ಧೆಯ ಮೇಷ್ಟ್ರು ನಾನು ಎಂದು ಒಳಗೊಳಗೇ ಬೀಗುತ್ತಿದ್ದೆ.

ಮೊದಲ ಪ್ರಬಂಧ 'ನಮ್ಮೂರ ಕೆರೆ'. ಸೂಳೆಕೆರೆಯವನಿಗೆ ಇನ್ನಾವ ವಿಷಯ ಹೊಳೆದೀತು. ತರಗತಿಯ ಇಪ್ಪತ್ತೇಳು ಮಕ್ಕಳು ಕೆರೆಯಲ್ಲಿ ತಾವರೆ ಅರಳಿಸಿದ್ದರು, ಹಂಸ ಬಿಟ್ಟಿದ್ದರು. ಎರಡನೆಯ ಸಾಲಿನ ಕೊನೆಗೆ ಕೂರುತ್ತಿದ್ದ ಒಬ್ಬ ಹುಡುಗಿ ಮಾತ್ರ ಎರಡು ಪುಟದ ತುಂಬ ಬೇರೇನೋ ಬರೆದಿದ್ದಳು. ಕುರಿ ಸಾಕುವವರ ಮನೆಯವಳು. ಅಪ್ಪ ಅವ್ವ ವರ್ಷದ ಅರ್ಧ ಭಾಗ ಮಂದೆಯ ಹಿಂದೆ ಊರೂರು ತಿರುಗುತ್ತಿದ್ದರು, ಇವಳು ಅಜ್ಜಿಯ ಜೊತೆ, ಅವರು ಬಿಟ್ಟುಹೋದ ಒಂದಷ್ಟು ಕುರಿಗಳ ಜೊತೆ ಮನೆಯಲ್ಲಿ. ಅವಳು ಬರೆದಿದ್ದಳು: "ನಮ್ಮೂರ ಕೆರೆಯಲ್ಲಿ ಕುರಿ ಮೇಯುತ್ತವೆ. ಮಳೆ ಬಂದ ವರ್ಷ ನಾವು ಕೆರೆ ಸುತ್ತಿಕೊಂಡು ಶಾಲೆಗೆ ಹೋಗುತ್ತೇವೆ. ಮಳೆ ಬಾರದ ವರ್ಷ ಕೆರೆಯ ಒಳಗೆ ಹಾದು ಹೋಗುತ್ತೇವೆ. ಮಳೆ ಬಾರದ ವರ್ಷ ಶಾಲೆ ಹತ್ತಿರ."

ಇಂದು ಈ ಸಾಲುಗಳು ನನಗೆ ಬಾಯಿಪಾಠ. ಅಂದು ನಾನು ಮಾಡಿದ್ದೇನೆಂದರೆ, ಎರಡೂ ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಕೆಳಗೆ ದಪ್ಪಕ್ಷರದಲ್ಲಿ 'ವಿಷಯ ಬಿಟ್ಟು ಬರೆದಿದ್ದೀಯ' ಎಂದು ಬರೆದೆ. ಸಾಲದೆಂದು ನಡುವೆ ಸಿಕ್ಕ ತಪ್ಪುಗಳಿಗೆಲ್ಲ ಸುತ್ತು ಹಾಕಿದೆ. ಪುಟದಲ್ಲಿ ಅವಳ ನೀಲಿಗಿಂತ ನನ್ನ ಕೆಂಪೇ ಹೆಚ್ಚಾಯಿತು.

ಹುಡುಗಿ ಅಳಲಿಲ್ಲ, ಎದುರು ಮಾತನಾಡಲೂ ಇಲ್ಲ. ಮುಂದಿನ ವಾರ ಒಂದೂವರೆ ಪುಟ ಬರೆದಳು, ಅದರ ಮುಂದಿನ ವಾರ ಒಂದು ಪುಟ. ನಾನು ಗೀಚುತ್ತ ಹೋದಂತೆ ಅವಳು ಕಿರಿದಾಗುತ್ತ ಹೋದಳು. ಶ್ರಾವಣದ ಹೊತ್ತಿಗೆ ಏಳು ಸಾಲಿಗೆ ಇಳಿದಿದ್ದಳು. ಏಳೂ ಪಾಠಪುಸ್ತಕದಿಂದ ಎತ್ತಿದ ಸಾಲುಗಳು, ಒಂದೂ ತಪ್ಪಿಲ್ಲ. ನನಗೆ ಸಂತೋಷವೋ ಸಂತೋಷ. ತಿದ್ದಿದ್ದಕ್ಕೆ ಫಲ ಸಿಕ್ಕಿತೆಂದು ಆ ನೋಟ್‌ಬುಕ್ಕನ್ನು ಹೆಡ್‌ಮಾಸ್ಟರಿಗೆ ತೋರಿಸಲು ತೆಗೆದುಕೊಂಡು ಹೋದೆ.

ಹೆಡ್‌ಮಾಸ್ಟರು ಹೊನ್ನಾಳಿಯ ಕಡೆಯವರು, ನಿವೃತ್ತಿಗೆ ಎರಡು ವರ್ಷವಿತ್ತು. ನಶ್ಯದ ಡಬ್ಬಿ ಒಂದು ಜೇಬಿನಲ್ಲಿ, ಮೋಟು ಪೆನ್ಸಿಲ್ಲು ಕಿವಿಯ ಮೇಲೆ. ಅವರು ಕೊನೆಯ ಪುಟ ನೋಡಿದರು, ಮೊದಲ ಪುಟಕ್ಕೆ ಹೋದರು, ಮತ್ತೆ ಕೊನೆಯ ಪುಟಕ್ಕೆ ಬಂದರು.

"ತಪ್ಪು ಕಮ್ಮಿ ಆಗೈತೆ ಮೇಷ್ಟ್ರೆ, ನೀವು ಹೇಳೋದು ಖರೆ," ಎಂದರು. "ಹುಡುಗೀನೂ ಕಮ್ಮಿ ಆಗ್ಯಾಳೆ."

ನನಗೆ ಅರ್ಥವಾಗಲಿಲ್ಲ. ಅವರು ಆ ಕೆರೆಯ ಪ್ರಬಂಧವನ್ನು, ನನ್ನ ಗೆರೆಗಳ ಸಂದಿಯಲ್ಲಿ ಹುಡುಕಿ ಹುಡುಕಿ, ನನಗೆ ಓದಿ ಹೇಳಿದರು. ಆ ಸಾಲು ಬಂದಾಗ ನಿಲ್ಲಿಸಿ ನಶ್ಯದ ಡಬ್ಬಿ ತೆಗೆದರು, ಏರಿಸದೆ ಹಾಗೆಯೇ ಮುಚ್ಚಿಟ್ಟರು. "ಈ ಊರಿಗೆ ಬಂದು ಹನ್ನೊಂದು ವರ್ಷ ಆತು. ಮಳೆ ಬರದ ವರ್ಷ ಶಾಲೆ ಹತ್ರ ಆಗ್ತೈತೆ ಅಂತ ನನಗೆ ಹೊಳೆದಿರಲಿಲ್ಲ ನೋಡ್ರಿ. ನೀವು ಇದ್ರ ಮ್ಯಾಗೆ ಗೆರೆ ಎಳೆದೀರಿ."

ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಅವರು ಬೈಯಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟು, "ಒಂದು ಪುಟಕ್ಕೆ ಒಂದು ಪ್ರಶ್ನೆ ಬರೀರಿ, ಸಾಕು. ಅದಕ್ಕೆ ಉತ್ತರ ಹುಡುಕ್ಕಂಡು ಹುಡುಗ್ರು ಅದನ್ನೇ ಇನ್ನೊಂದು ಸಲ ಬರೀಲಿ. ತಪ್ಪು ಎಲ್ಲಿಗೂ ಓಡಿ ಹೋಗಲ್ಲ, ನಾಳೆ ತಿದ್ದಬಹುದು" ಎಂದರು. ನಾನು ಮುಖ ಕೆಳಗೆ ಹಾಕಿಕೊಂಡು ಈಚೆ ಬಂದೆ.

ಸೋಮವಾರದಿಂದ ಹೊಸ ಪದ್ಧತಿ. ಹಾಳೆಯ ಎಡಗಡೆ ನಾಲ್ಕು ಬೆರಳಗಲ ಮಡಿಚಿ ಮಾರ್ಜಿನ್ ಬಿಡಬೇಕು, ಆ ಜಾಗ ನನ್ನದು, ಉಳಿದದ್ದು ಅವರದು. ನನ್ನ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದೇ ಒಂದು ಪ್ರಶ್ನೆ. ಮಕ್ಕಳಿಗೆ ಮೊದಲು ನಂಬಿಕೆ ಬರಲಿಲ್ಲ. ಮೇಷ್ಟ್ರಿಗೆ ಮೈ ಹುಷಾರಿಲ್ಲವೇನೋ ಎಂದು ಪಿಸುಗುಟ್ಟಿಕೊಂಡರು. ನನಗೂ ಸುಲಭವಾಗಿರಲಿಲ್ಲ. ಕಣ್ಣೆದುರಿಗೆ ತಪ್ಪು ಕುಣಿಯುತ್ತಿರುವಾಗ ಕೈ ಕಟ್ಟಿ ಕೂರುವುದು ತುರಿಕೆ ತಡೆದುಕೊಂಡ ಹಾಗೆ.

ಆ ಹುಡುಗಿಯದು 'ನಮ್ಮ ಮನೆಯ ಒಂದು ಕೆಲಸ' ಎಂಬ ವಿಷಯಕ್ಕೆ ಎಂದಿನಂತೆ ಏಳು ಸಾಲು. ಅದರಲ್ಲಿ ನಾಲ್ಕನೆಯದು, "ಅಜ್ಜಿ ಸಂಜೆ ಕುರಿಗಳನ್ನು ಎಣಿಸುತ್ತಾಳೆ." ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದೆ: "ಹೇಗೆ ಎಣಿಸುತ್ತಾಳೆ? ಇವತ್ತು ಸಂಜೆ ನಿಂತು ನೋಡು."

ಎರಡು ದಿನ ಬಿಟ್ಟು ಅದೇ ಪ್ರಬಂಧ ತಿರುಗಿ ಬಂತು. ಒಂದು ಪುಟವಾಗಿತ್ತು. ನಾಲ್ಕನೆಯ ಸಾಲಿನ ಜಾಗದಲ್ಲಿ ಹೀಗಿತ್ತು: "ಅಜ್ಜಿ ಎಣಿಸುತ್ತಾಳೆ ಎಂದು ನಾನು ತಿಳಿದಿದ್ದೆ. ಎಣಿಸುವುದಿಲ್ಲ. ಬಾಗಿಲಲ್ಲಿ ನಿಂತು ಒಳಗೆ ಹೋಗುವ ಪ್ರತಿ ಕುರಿಯ ಬೆನ್ನ ಮೇಲೆ ಕೈ ಇಡುತ್ತಾಳೆ. ಯಾವ ಕುರಿ ಬಂದಿಲ್ಲ ಎಂದು ಅವಳ ಕೈಗೆ ಗೊತ್ತಾಗುತ್ತದೆ."

ಇನ್ನೊಂದು ಸಲ ಓದಿದೆ. ಆಮೇಲೆ ಎದ್ದು ಹೆಡ್‌ಮಾಸ್ಟರ ಕೋಣೆಗೆ ಓಡಿದೆ. ಅವರು ಓದಿದರು. ಈ ಸಲ ನಶ್ಯ ಏರಿಸಿದರು, ಸೀನು ಬಂದದ್ದಕ್ಕೋ ಏನೋ ಕಣ್ಣೊರೆಸಿಕೊಂಡರು. ಹುಡುಗಿ ಪುನಃ ಬೆಳೆಯತೊಡಗಿದಳು. ಒಂದು ಪುಟ ಎರಡಾಯಿತು, ಎರಡು ಮೂರಾಯಿತು. ಈ ಸಲ ಹೈಸ್ಕೂಲಿಗೆ ಯಾರನ್ನಾದರೂ ಕಳಿಸುವುದಿದ್ದರೆ ಮೊದಲು ಇವಳನ್ನೇ ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾಯಿತು. ಹುಡುಗಿ ಬರಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಜ್ವರವಿರಬೇಕೆಂದುಕೊಂಡೆ. ಅವಳ ಓಣಿಯ ಮಕ್ಕಳನ್ನು ಕೇಳಿದರೆ, "ಶಾಲೆ ಬಿಡಿಸ್ಯಾರೆ ಸಾರ್, ಕುರಿ ಕಾಯಾಕೆ ಹೋಗ್ತಾಳೆ" ಎಂದರು. ಪರೀಕ್ಷೆಗೆ ಹೆಸರು ಕಳಿಸುವ ದಿನ ಹತ್ತಿರ ಬರುತ್ತಿತ್ತು. ಹೆಸರು ಹೋಗದಿದ್ದರೆ ಆ ವರ್ಷ ಮುಗಿದ ಹಾಗೆ, ಹೆಣ್ಣುಮಗಳ ವಿಷಯದಲ್ಲಿ ಆ ವರ್ಷ ಮುಗಿದರೆ ಎಲ್ಲ ಮುಗಿದ ಹಾಗೆ. ನನ್ನ ಮೂಗಿಗೆ ಸಿಟ್ಟು ವಾಪಸು ಬಂತು. ಆ ಅಜ್ಜಿಗೆ ನಾಲ್ಕು ಮಾತು ಅಂದೇ ಬರುತ್ತೇನೆಂದು ಸಂಜೆ ಸೈಕಲ್ ಹತ್ತಿದೆ.

ಊರ ಹೊರಗೆ ಅವರ ಮನೆ, ಪಕ್ಕದಲ್ಲೇ ಮುಳ್ಳುಬೇಲಿ ಹಾಕಿದ ಕುರಿರೊಪ್ಪ. ಅಜ್ಜಿ ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಹುಡುಗಿ ಆಗತಾನೆ ಮಂದೆ ಹೊಡೆದುಕೊಂಡು ಬಂದಿದ್ದಳು. ನನ್ನನ್ನು ನೋಡಿದ್ದೇ ಬೇಲಿಯ ಹತ್ತಿರವೇ ನಿಂತುಬಿಟ್ಟಳು.

"ಬರ್ರಿ ಮೇಷ್ಟ್ರೆ, ಕುಂದ್ರಿ," ಎಂದು ಅಜ್ಜಿ ಕಂಬಳಿ ಹಾಸಿದಳು. ನಾನು ಕೂರಲಿಲ್ಲ.

"ಅಜ್ಜಿ, ಹುಡುಗೀನ ಯಾಕೆ ಶಾಲೆ ಬಿಡಿಸಿದ್ರಿ? ಇಡೀ ಕ್ಲಾಸಿಗೇ ಚೆನ್ನಾಗಿ ಬರಿಯೋ ಹುಡುಗಿ."

ಅಜ್ಜಿ ಹಿಂಜುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಬೇಸರವಾಗಿತ್ತು. "ನೀವೇ ಕೈ ಬಿಟ್ಟು, ಈಗ ನೀವೇ ಕೇಳಾಕೆ ಬಂದೀರಲ್ರೀ," ಎಂದಳು.

"ನಾನು ಕೈ ಬಿಟ್ನಾ?"

ಅಜ್ಜಿ ಒಳಗೆ ಹೋಗಿ ನೋಟ್‌ಬುಕ್ ತಂದಳು. ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಮೊದಲ ಪುಟಗಳನ್ನು ತೆರೆದು, ನನ್ನ ಕೆಂಪು ಗೀಚಾಟದ ಮೇಲೆ ಅಂಗೈ ಆಡಿಸಿದಳು. "ನೋಡ್ರಿ, ಆವಾಗ ಹೆಂಗೆ ಹಚ್ಚಿದ್ರಿ. ಪುಟದ ತುಂಬ. ದಿನಾ ಸಂಜೆ ನಾನು ತೆಗೆಸಿ ನೋಡ್ತಿದ್ದೆ." ಆಮೇಲೆ ಕೊನೆಯ ಪುಟಗಳನ್ನು ತಿರುಗಿಸಿದಳು, ನನ್ನ ಪೆನ್ಸಿಲ್ಲಿನ ಪ್ರಶ್ನೆಗಳಿದ್ದವನ್ನು. "ಈಗ ನೋಡ್ರಿ. ಮೂರು ತಿಂಗಳಾತು, ಒಂದು ಗೆರೆ ಇಲ್ಲ."

ನನಗೆ ಇನ್ನೂ ತಲೆಗೆ ಹತ್ತಲಿಲ್ಲ. ಅಜ್ಜಿ ರೊಪ್ಪದ ಕಡೆ ಕೈ ತೋರಿಸಿದಳು. ಸಂಜೆಯ ಬಿಸಿಲಿನಲ್ಲಿ ಒತ್ತೊತ್ತಾಗಿ ನಿಂತ ಕುರಿಗಳು. ಕೆಲವುಗಳ ಬೆನ್ನಿನ ಮೇಲೆ ಅಂಗೈಯಗಲ ಕೆಮ್ಮಣ್ಣಿನ ಗುರುತು.

"ಕುರಿ ಕೊಳ್ಳೋರು ಬರೋಕೆ ಮುಂಚೆ ಯಾವ್ದು ಮನೇಗೆ ಬೇಕೋ ಅದಕ್ಕೆ ಕೆಮ್ಮಣ್ಣು ಹಚ್ತೀವಿ. ಗುರುತು ಇದ್ದಿದ್ದನ್ನ ಯಾರೂ ಮುಟ್ಟಂಗಿಲ್ಲ. ಗುರುತು ಇಲ್ದಿದ್ದು ಕೈ ಬಿಟ್ಟಿದ್ದು. ನೀವು ಕೆಂಪು ಹಚ್ಚಿ ಕಳಿಸೋ ತನಕ, ಮೇಷ್ಟ್ರಿಗೆ ನಮ್ಮ ಹುಡುಗಿ ಬೇಕಾಗ್ಯಾಳೆ ಅಂತ ನಾನೂ ಕಳಿಸಿದೆ. ಅವ್ರಪ್ಪ ಮಂದೆ ಹಿಂದೆ ಕಳಿಸು ಅಂದ್ರೂ ಕೇಳಲಿಲ್ಲ. ನಿಮಗೇ ಬ್ಯಾಡಾದ ಮೇಲೆ ನಾನ್ಯಾವ ಬಾಯಲ್ಲಿ ಅವನಿಗೆ ಹೇಳ್ಲಿ?"

ನನ್ನ ನಾಲಗೆಯ ತುದಿಗೆ ಬಂದಿತ್ತು. ಅಯ್ಯೋ ಅಜ್ಜಿ, ನಿನಗೆ ಓದಲು ಬರುವುದಿಲ್ಲ, ಆ ಕೆಂಪೆಲ್ಲ ತಪ್ಪು, ಬರೀ ತಪ್ಪು, ಎಂದು ಅಂದುಬಿಡುತ್ತಿದ್ದೆ. "ಅಲ್ಲಜ್ಜಿ, ನಿಮಗೆ ಓದಾಕೆ ಬರಲ್ಲ..." ಎನ್ನುವವರೆಗೆ ಅಂದೂಬಿಟ್ಟೆ.

"ಬರಲ್ಲ ಮೇಷ್ಟ್ರೆ. ಅದಕ್ಕೇ ಬಣ್ಣ ನೋಡ್ತೀನಿ," ಎಂದಳು ಅಜ್ಜಿ.

ಬೇಲಿಯ ಹತ್ತಿರ ಹುಡುಗಿ ನಿಂತಲ್ಲೇ ನಿಂತಿದ್ದಳು. ಎರಡೂ ಕೈಯಲ್ಲಿ ಕೋಲನ್ನು ಬಿಗಿಯಾಗಿ ಹಿಡಿದಿದ್ದಳು. ಅವಳ ಮುಖ ನೋಡಿದೆ. ಆಗ ತಿಳಿಯಿತು. ಅವಳಿಗೆ ಎಲ್ಲ ಗೊತ್ತಿತ್ತು. ದಿನಾ ಸಂಜೆ ತನ್ನ ತಪ್ಪುಗಳನ್ನು ಅಜ್ಜಿ ಹೊಗಳಿಕೆಯೆಂದು ಸವರುವಾಗ ಪಕ್ಕದಲ್ಲಿ ಸುಮ್ಮನೆ ಕೂತಿದ್ದವಳು ಅವಳು. ಈಗ ನಾನು ಒಂದು ಮಾತು ಆಡಿದರೆ ಆ ಸಂಜೆಗಳೆಲ್ಲ ಹೋಗಿಬಿಡುತ್ತಿದ್ದವು. ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಕಂಬಳಿಯ ಮೇಲೆ ಕೂತೆ.

"ತಪ್ಪಾತಜ್ಜಿ," ಎಂದೆ. "ಕೆಂಪು ಶಾಯಿ ಮುಗಿದಿತ್ತು. ಇಲ್ಲಿ ಸಿಗಲ್ಲ. ಸೀಸದಕಡ್ಡೀಲಿ ಹಾಕಿದ್ದೆ, ನಿಮಗೆ ಕಾಣಿಸಿಲ್ಲ."

"ಸೀಸದ್ದು ನನ್ನ ಕಣ್ಣಿಗೆ ಬೀಳಲ್ಲಪ್ಪ," ಎಂದಳು ಅಜ್ಜಿ, ದನಿ ಸ್ವಲ್ಪ ಸಡಿಲಾಗಿ. "ಮತ್ತೆ ಈಗ ಬಂದೈತಾ ಶಾಯಿ?"

ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಅಭ್ಯಾಸಬಲದಿಂದ ಇದ್ದೇ ಇತ್ತು. ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿಯ ಬಗ್ಗೆ ಬರೆದ ಪ್ರಬಂಧ ಹುಡುಕಿದೆ. ಆ ಸಾಲುಗಳ ಕೆಳಗೆ, ನನ್ನ ಜೀವಮಾನದಲ್ಲಿ ಮೊದಲ ಸಲ, ತಪ್ಪಿಲ್ಲದ ಜಾಗದಲ್ಲಿ ಕೆಂಪು ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು.

"ಅದ್ರಾಗೆ ಏನು ಬರ್ದಾಳೆ?" ಎಂದು ಅಜ್ಜಿ ಕೇಳಿದಳು.

ಇಷ್ಟು ದಿನ ಯಾರೂ ಅವಳಿಗೆ ಓದಿ ಹೇಳಿರಲಿಲ್ಲ. ನಾನು ಓದಿದೆ. ಬಾಗಿಲಲ್ಲಿ ನಿಲ್ಲುವುದು, ಪ್ರತಿ ಕುರಿಯ ಬೆನ್ನ ಮೇಲೆ ಕೈ ಇಡುವುದು, ಯಾವುದು ಬಂದಿಲ್ಲವೆಂದು ಕೈಗೆ ಗೊತ್ತಾಗುವುದು. ಅಜ್ಜಿ ತನ್ನ ಕೈಯನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ತಿರುಗಿಸಿ ನೋಡಿಕೊಂಡಳು.

"ಇದು ನಾನು," ಎಂದಳು. "ಇದ್ನ ಯಾವಾಗ ನೋಡಿದ್ಳು ಇವಳು?"

"ನಾನೇ ನೋಡು ಅಂತ ಬರ್ದಿದ್ದೆ ಅಜ್ಜಿ. ಸೀಸದಕಡ್ಡೀಲಿ."

ಅಜ್ಜಿ ನೋಟ್‌ಬುಕ್ಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ಆಮೇಲೆ ಹುಡುಗಿಯನ್ನು ಕರೆದು ಕೈಯಲ್ಲಿನ ಕೋಲು ಇಸಿದುಕೊಂಡಳು. "ನಾಳೆಯಿಂದ ಮಂದೆ ಮೊದ್ಲಿನಂಗೆ ನಾನೇ ಹೊಡ್ಕಂಡು ಹೋಗ್ತೀನಿ. ಇನ್ನೂ ಕಾಲು ಅದಾವೆ ನಂಗೆ," ಎಂದಳು.

ಹುಡುಗಿ ನನ್ನ ಜೊತೆ ದಾರಿಯವರೆಗೆ ಬಂದಳು. ಯಾಕೆ ಅಜ್ಜಿಗೆ ನಿಜ ಹೇಳಲಿಲ್ಲ ಎಂದು ಕೇಳಿದೆ. "ಮೊದ್ಲನೇ ದಿನ ಹೇಳಾಕೆ ನಾಚಿಕೆ ಆತು ಸಾರ್. ಆಮೇಲೆ ಅಜ್ಜಿಗೆ ಖುಷಿ ಆಗಿತ್ತು," ಎಂದಳು. ನಾನು ಸೈಕಲ್ ತಳ್ಳಿಕೊಂಡೇ ಊರವರೆಗೆ ನಡೆದೆ. ಹತ್ತಿ ತುಳಿಯಬೇಕೆಂಬುದು ನೆನಪಿಗೇ ಬರಲಿಲ್ಲ.

ಅಲ್ಲಿಂದ ಮುಂದೆ ನನ್ನ ತರಗತಿಯಲ್ಲಿ ಕೆಂಪು ಚೆನ್ನಾಗಿದ್ದದ್ದರ ಕೆಳಗೆ, ಪೆನ್ಸಿಲ್ಲು ಇನ್ನೂ ಚೆನ್ನಾಗಬೇಕಾದ್ದರ ಪಕ್ಕ. ಒಂದು ಪುಟಕ್ಕೆ ಒಂದು ಕೆಂಪು ಗೆರೆಯನ್ನಾದರೂ ಹುಡುಕಿಯೇ ತೀರಬೇಕೆಂದು ನನಗೆ ನಾನೇ ವಿಧಿಸಿಕೊಂಡೆ. ಕೆಲವು ನೋಟ್‌ಬುಕ್ಕುಗಳಲ್ಲಿ ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು, ಸುಳ್ಳೇಕೆ ಹೇಳಲಿ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರೊಬ್ಬರು ಸರಿ ಇದ್ದ ಸಾಲಿಗೆಲ್ಲ ಕೆಂಪು ಬಿದ್ದಿರುವುದನ್ನು ಕಂಡು, ಈ ಮೇಷ್ಟ್ರಿಗೆ ಕನ್ನಡವೇ ಬರುವುದಿಲ್ಲವೇ ಎಂದು ಕೇಳಿದರು. ಹೆಡ್‌ಮಾಸ್ಟರು ಬಹಳ ಗಂಭೀರವಾಗಿ, "ಕಲೀತಾ ಅದಾರೆ ಸಾರ್" ಎಂದರು.

ಹುಡುಗಿ ಪರೀಕ್ಷೆ ಬರೆದು ಪಾಸಾದಳು, ಬಿಳಿಚೋಡಿನಲ್ಲಿ ಹೈಸ್ಕೂಲಿಗೆ ಸೇರಿದಳು. ಅಷ್ಟರಲ್ಲಿ ನನಗೆ ಹೊನ್ನಾಳಿಗೆ ವರ್ಗವಾಯಿತು, ಅಲ್ಲಿಂದ ಕೆಲವು ವರ್ಷಕ್ಕೆ ನ್ಯಾಮತಿಗೆ. ಹೊಸ ಶಾಲೆ, ಹೊಸ ಮಕ್ಕಳು, ಅದೇ ಮೋಟು ಪೆನ್ಸಿಲ್ಲು. ನಡುನಡುವೆ ಆ ಹುಡುಗಿ ಎಲ್ಲಿದ್ದಾಳೋ ಎಂದು ನೆನಪಾಗುತ್ತಿತ್ತು, ವಿಚಾರಿಸಲು ಹೋಗಲಿಲ್ಲ.

ಎಂಬತ್ತರ ದಶಕದ ನಡುವೆ, ನ್ಯಾಮತಿಯ ಶಾಲೆಯ ವಿಳಾಸಕ್ಕೆ ಒಂದು ಕಾಗದ ಬಂತು. ಒಡೆದು ನೋಡಿದರೆ ಹಾಳೆಯ ಎಡಗಡೆ ನಾಲ್ಕು ಬೆರಳಗಲ ಮಡಿಚಿ ಖಾಲಿ ಬಿಟ್ಟಿತ್ತು. ಹೆಸರು ಓದುವ ಮೊದಲೇ ಯಾರೆಂದು ಗೊತ್ತಾಯಿತು. ಮದುವೆಯಾಗಿ ಸೊಕ್ಕೆಯ ಕಡೆ ಇದ್ದಾಳಂತೆ, ಒಬ್ಬ ಮಗಳು. ಓಣಿಯ ಹೆಂಗಸರು ತವರಿಗೆ ಕಾಗದ ಬರೆಸಲು ಇವಳ ಹತ್ತಿರ ಬರುತ್ತಾರಂತೆ. "ಎಲ್ಲಾ ಕ್ಷೇಮ ಅಂತ ಬರಿ ಅನ್ನುತ್ತಾರೆ ಸಾರ್. ಹೇಗೆ ಕ್ಷೇಮ, ಇವತ್ತು ಏನು ನೋಡಿದಿರಿ ಹೇಳಿ ಎಂದು ನಾನು ಕೇಳುತ್ತೇನೆ. ಆಮೇಲೆ ಅವರು ಹೇಳುತ್ತಲೇ ಇರುತ್ತಾರೆ."

ಕೆಳಗೆ ಅಜ್ಜಿ ತೀರಿಕೊಂಡ ಸುದ್ದಿ ಇತ್ತು. ಹೋಗುವುದಕ್ಕೆ ಕೆಲವು ದಿನ ಮೊದಲು ಹುಡುಗಿ ಅಜ್ಜಿಯ ಪಕ್ಕದಲ್ಲಿ ಕೂತು ಕೊನೆಗೂ ನಿಜ ಹೇಳಿದ್ದಳು. ಮೊದಲಿನ ಆ ಕೆಂಪೆಲ್ಲ ನನ್ನ ತಪ್ಪುಗಳು ಅಜ್ಜಿ, ಮೇಷ್ಟ್ರು ಬೈದು ಬರೆದದ್ದು, ಎಂದು. ಅಜ್ಜಿ ಹೇಳಿದ್ದನ್ನು ಅವಳು ಹಾಗೆಯೇ ಬರೆದಿದ್ದಳು: "ಬ್ಯಾಡಾದ್ದನ್ನ ಯಾರು ಅಷ್ಟೊತ್ತು ಕುಂತು ತಿದ್ತಾರೆ? ಅಷ್ಟು ತಪ್ಪು ಇದ್ರೂ ಗುರುತು ಹಾಕ್ಯಾರೆ ಅಂದ್ರೆ ಬೇಕು ಅಂತಾನೇ. ನಾನು ನೋಡಿದ್ದು ಸರಿನೇ ಐತೆ."

ಸ್ಟಾಫ್ ರೂಮಿನಲ್ಲಿ ಎಲ್ಲರ ನಡುವೆ ಕೂತು ಅತ್ತೆ. ಯಾಕೆಂದರೆ ಅಜ್ಜಿ ನೋಡಿದ್ದು ಸರಿಯಿರಲಿಲ್ಲ. ಆ ಎರಡು ಪುಟಗಳ ಮೇಲೆ ಗೆರೆ ಎಳೆದಾಗ ಆ ಹುಡುಗಿ ನನಗೆ ಬೇಕಾಗಿರಲಿಲ್ಲ. ಅವಳು ಯಾರೆಂದೂ ಗೊತ್ತಿರಲಿಲ್ಲ. ಬರೀ ಸಿಟ್ಟಿನಿಂದ ಗೀಚಿದ್ದೆ. ಇದನ್ನೇ ಅವಳಿಗೆ ಬರೆಯಬೇಕೆಂದು ಹಾಳೆ ತೆಗೆದು ಅರ್ಧ ಬರೆದೆ, ಹರಿದು ಹಾಕಿದೆ. ಅಜ್ಜಿ ಹೇಳಿದ ಮಾತನ್ನು ತಿದ್ದಲು ನಾನು ಯಾರು. ಅವಳು ಹೇಳಿದಂಥ ಮೇಷ್ಟ್ರಾಗಲು ನನಗೆ ಮತ್ತೆ ಇಷ್ಟು ವರ್ಷ ಬೇಕಾಯಿತು, ಅಷ್ಟೆ.

ಹುಡುಗಿಯ ಕಾಗದದಲ್ಲಿ ಎರಡು ಮೂರು ಕಡೆ ಸಣ್ಣ ತಪ್ಪುಗಳಿದ್ದವು. ಮುಟ್ಟಲಿಲ್ಲ. ಪೆನ್ನು ತೆಗೆದು ಅಜ್ಜಿಯ ಮಾತಿನ ಕೆಳಗೆ, ಈ ಸಲ ಸೊಟ್ಟಗಾಗದಂತೆ, ಕೆಂಪು ಗೆರೆ ಎಳೆದೆ. ಅದೇ ಕಾಗದವನ್ನು ಮಡಿಚಿ ಲಕೋಟೆಗೆ ಹಾಕಿ, ಸೊಕ್ಕೆಯ ವಿಳಾಸ ಬರೆದು, ಅವಳಿಗೇ ತಿರುಗಿ ಕಳಿಸಿದೆ.